ಪ್ರನಾಳ ಶಿಶುಗಳ ಆರೋಗ್ಯ: ಎಣಿಕೆಯ ಒಂದು ಚರಿತ್ರೆ

ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಅಳತೆ ಮತ್ತು ಅಳತೆಯ ದೋಷಗಳ ಬಗ್ಗೆ ಉಪನ್ಯಾಸ ಮುಗಿಸಿ ಹೊರಡುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಎಲ್ಲರೂ ಹೋಗುವವರೆಗೆ ಕಾದಿದ್ದು ಹತ್ತಿರ ಬಂದರು. ಈಗ ಅವರು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು.

"ಸರ್, ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಐವಿಎಫ್ ಮಾಡಿಸಿ ಅಂತ ಡಾಕ್ಟರು ಹೇಳಿದಾರೆ. ಹಾಗೆ ಹುಟ್ಟಿದ ಮಕ್ಕಳಲ್ಲಿ ಏನಾದರೊಂದು ಊನ ಇದ್ದೇ ಇರುತ್ತೆ ಅಂತ ಅಮ್ಮ ಹೆದರ್ತಿದಾರೆ. ನಾನೂ ಎಲ್ಲೋ 'ಎರಡು ಪಟ್ಟು ಅಪಾಯ' ಅಂತ ಓದಿದೆ. ನಿಜವೇ ಸರ್?"

ನಾನು ವೈದ್ಯನಲ್ಲ. ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. "ಎರಡು ಪಟ್ಟು ಎಂದರೆ ಎಷ್ಟರಲ್ಲಿ ಎಷ್ಟು ಎಂದು ನೋಡಬೇಕಪ್ಪಾ" ಎಂದಷ್ಟೇ ಹೇಳಿ, ಓದಿ ತಿಳಿಸುವುದಾಗಿ ಮಾತು ಕೊಟ್ಟೆ. ಆ ಓದು ನನ್ನನ್ನು ಅರ್ಧ ಶತಮಾನದ ಚರಿತ್ರೆಯೊಳಕ್ಕೆ ಕರೆದೊಯ್ದಿತು. ಅದರಲ್ಲಿ ಸಾಹಸವಿದೆ, ದುರಂತವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಹುಟ್ಟಿದ ಮಕ್ಕಳನ್ನು ತಾಳ್ಮೆಯಿಂದ ಎಣಿಸಿ, ದಾಖಲಿಸಿ, ಹೋಲಿಸಿದವರ ದುಡಿಮೆಯಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮಗುವಿಗಿಂತ ಮೊದಲು ಹುಟ್ಟಿದ ಭಯ

ಮೊದಲ ಪ್ರನಾಳ ಶಿಶು ಹುಟ್ಟುವುದಕ್ಕೆ ಮುಂಚೆಯೇ ಅದರ ಆರೋಗ್ಯದ ಬಗ್ಗೆ ಭಯ ಹುಟ್ಟಿತ್ತು. ಅದಕ್ಕೆ ಕಾರಣವೂ ಇತ್ತು. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ಔಷಧವನ್ನು ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಹಾಗೂ ಇತರ ಅಂಗಗಳ ಊನದೊಂದಿಗೆ ಹುಟ್ಟಿದರು. ಭ್ರೂಣದ ವಿಷಯದಲ್ಲಿ ಅವಸರ ಸಲ್ಲದು ಎಂಬ ಪಾಠ ವಿಜ್ಞಾನಿಗಳ ಮನಸ್ಸಿನಲ್ಲಿ ಹಸಿಯಾಗಿತ್ತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಮನುಷ್ಯರ ಅಂಡಾಣುವನ್ನು ದೇಹದ ಹೊರಗೆ ಬೆಳೆಸುವ ಪ್ರಯತ್ನದಲ್ಲಿದ್ದರು. ಅವರು ವೈದ್ಯರಲ್ಲ ಎಂಬುದನ್ನು ಗಮನಿಸಿ. ಎಡಿನ್‌ಬರೋದಲ್ಲಿ ಇಲಿಗಳ ಮೇಲೆ ಸಂಶೋಧನೆ ನಡೆಸಿ 1955ರಲ್ಲಿ ಡಾಕ್ಟರೇಟ್ ಪಡೆದ ತಳಿವಿಜ್ಞಾನಿ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಾಗಿರುತ್ತದೆ ಎಂದು 1959ರಲ್ಲಿ ತಿಳಿದುಬಂದಿತ್ತು. ಅಂಡಾಣು ಪಕ್ವವಾಗುವಾಗ ವರ್ಣತಂತುಗಳ ಹಂಚಿಕೆಯಲ್ಲಿ ಎಲ್ಲಿ ತಪ್ಪಾಗುತ್ತದೆ ಎಂಬುದೂ ಎಡ್ವರ್ಡ್ಸ್ ಅವರ ಕುತೂಹಲವಾಗಿತ್ತು. ಹೀಗೆ ಮಕ್ಕಳ ಆನುವಂಶಿಕ ಆರೋಗ್ಯದ ಪ್ರಶ್ನೆ ಈ ತಂತ್ರಕ್ಕೆ ಆಮೇಲೆ ಬಂದು ಅಂಟಿಕೊಂಡದ್ದಲ್ಲ, ಆರಂಭದಿಂದಲೂ ಜೊತೆಗಿತ್ತು.

1969ರಲ್ಲಿ ಎಡ್ವರ್ಡ್ಸ್, ಬ್ಯಾರಿ ಬೇವಿಸ್ಟರ್ ಮತ್ತು ಸ್ತ್ರೀರೋಗತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ ಮನುಷ್ಯರ ಅಂಡಾಣು ಗಾಜಿನ ಪಾತ್ರೆಯಲ್ಲಿ ನಿಷೇಚನಗೊಂಡ ಆರಂಭಿಕ ಹಂತಗಳನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. 1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ ಹಣಕ್ಕಾಗಿ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ಮೊದಲು ಮಂಗಗಳಂಥ ಪ್ರಾಣಿಗಳಲ್ಲಿ ಸುರಕ್ಷತೆಯನ್ನು ತೋರಿಸಿ ಎಂಬುದು ಮಂಡಳಿಯ ಆಕ್ಷೇಪಗಳಲ್ಲಿ ಒಂದು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ ಡಿಎನ್‌ಎ ರಚನೆಯನ್ನು ಕಂಡುಹಿಡಿದ ಜೇಮ್ಸ್ ವಾಟ್ಸನ್ ಅವರೇ, ಊನವುಳ್ಳ ಮಕ್ಕಳು ಹುಟ್ಟಿದರೆ ಏನು ಗತಿ ಎಂದು ಎಡ್ವರ್ಡ್ಸ್ ಅವರನ್ನು ಕಟುವಾಗಿ ಪ್ರಶ್ನಿಸಿದರು.

ಇಂದು ಆ ಆಕ್ಷೇಪಗಳನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಉತ್ತರ ಕೊಡುವ ದತ್ತಾಂಶ ಆಗ ಯಾರ ಬಳಿಯೂ ಇರಲಿಲ್ಲ, ಅಷ್ಟೆ.

ಓಲ್ಡ್‌ಹ್ಯಾಮ್‌ನ ಒಂದು ಮಗು

1978ರ ಜುಲೈ 25ರ ರಾತ್ರಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಆಸ್ಪತ್ರೆಯಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ತೂಕ ಸುಮಾರು 2.6 ಕಿಲೋಗ್ರಾಂ. ತಾಯಿಯ ಅಂಡನಾಳಗಳು ಮುಚ್ಚಿಹೋಗಿದ್ದವು. ಸ್ಟೆಪ್ಟೋ ಉದರದರ್ಶಕದ ನೆರವಿನಿಂದ ಒಂದೇ ಒಂದು ಅಂಡಾಣುವನ್ನು ಹೊರತೆಗೆದಿದ್ದರು. ಅದು ಪಾತ್ರೆಯಲ್ಲಿ ನಿಷೇಚನಗೊಂಡು ಎಂಟು ಕೋಶಗಳಾದಾಗ ಗರ್ಭಕೋಶಕ್ಕೆ ಸೇರಿಸಿದ್ದರು. ಪ್ರಯೋಗಾಲಯದಲ್ಲಿ ಅದನ್ನು ಹಗಲಿರುಳು ನೋಡಿಕೊಂಡವರು ಜೀನ್ ಪರ್ಡಿ. ವೃತ್ತಿಯಿಂದ ದಾದಿಯಾಗಿದ್ದ ಅವರ ಹೆಸರನ್ನು ಜಗತ್ತು ಬಹುಕಾಲ ಮರೆತಿತ್ತು.

'ಪ್ರನಾಳ ಶಿಶು' ಎಂಬ ಹೆಸರು ದಾರಿ ತಪ್ಪಿಸುವಂಥದ್ದು ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ಇಲ್ಲಿ ಪ್ರನಾಳವೂ ಇಲ್ಲ, ಶಿಶು ಅದರಲ್ಲಿ ಬೆಳೆಯುವುದೂ ಇಲ್ಲ. ಚಪ್ಪಟೆಯಾದ ಪುಟ್ಟ ತಟ್ಟೆಯಲ್ಲಿ ಭ್ರೂಣ ಕಳೆಯುವುದು ಎರಡರಿಂದ ಆರು ದಿನ ಮಾತ್ರ. ಉಳಿದ ತಿಂಗಳುಗಳು ಎಂದಿನಂತೆ ತಾಯಿಯ ಗರ್ಭದಲ್ಲೇ.

ಲೂಯಿಸ್ ಆರೋಗ್ಯವಾಗಿದ್ದಳು. ಗರ್ಭಜಲ ಪರೀಕ್ಷೆಯಲ್ಲಿ ವರ್ಣತಂತುಗಳು ಸರಿಯಾಗಿದ್ದವು. ಆದರೆ ಆ ಯಶಸ್ಸಿನ ಹಿಂದಿನ ಲೆಕ್ಕ ನೋಡಿ. 1969ರಿಂದ 1978ರವರೆಗೆ 282 ಮಹಿಳೆಯರು ಆ ಪ್ರಯೋಗಗಳಲ್ಲಿ ಭಾಗವಹಿಸಿದ್ದರು. 112 ಬಾರಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಲಾಯಿತು. ಗರ್ಭ ನಿಂತದ್ದು ಐವರಲ್ಲಿ. ಮಗು ಜೀವಂತವಾಗಿ ಹುಟ್ಟಿದ್ದು ಇಬ್ಬರಿಗೆ. ಆ ಎರಡು ಮಕ್ಕಳಿಂದ ತಂತ್ರ ಸಾಧ್ಯ ಎಂದು ಸಾಬೀತಾಯಿತು. ಸುರಕ್ಷಿತ ಎಂದು ಸಾಬೀತಾಗಲಿಲ್ಲ. ಈ ಎರಡರ ನಡುವಿನ ಅಂತರವೇ ಮುಂದಿನ ಚರಿತ್ರೆ.

ಕಲ್ಕತ್ತೆಯ ದುರ್ಗಾ

ಲೂಯಿಸ್ ಹುಟ್ಟಿದ 70 ದಿನಗಳಿಗೆ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಇನ್ನೊಂದು ಹೆಣ್ಣು ಮಗು ಹುಟ್ಟಿತು. ಇದರ ಹಿಂದಿದ್ದವರು ಶರೀರಕ್ರಿಯಾ ವಿಜ್ಞಾನಿ ಸುಭಾಷ್ ಮುಖರ್ಜಿ. ಅವರ ಎರಡು ಡಾಕ್ಟರೇಟ್‌ಗಳಲ್ಲಿ ಒಂದು ಎಡ್ವರ್ಡ್ಸ್ ಅವರಂತೆ ಎಡಿನ್‌ಬರೋದಿಂದಲೇ ಬಂದದ್ದು. ಮಗುವನ್ನು ಲೋಕ ದುರ್ಗಾ ಎಂದು ಕರೆಯಿತು.

ಮುಖರ್ಜಿಯವರ ವಿಧಾನ ಬೇರೆ. ಹಾರ್ಮೋನ್ ಕೊಟ್ಟು ಹಲವು ಅಂಡಾಣುಗಳು ಬಲಿಯುವಂತೆ ಮಾಡಿದರು. ನಿಷೇಚನದ ನಂತರ ಭ್ರೂಣವನ್ನು 53 ದಿನ ಘನೀಕರಿಸಿ ಇಟ್ಟು, ಬೇರೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದಾಗಿ ವರದಿ ಮಾಡಿದರು. ಭೌತವಿಜ್ಞಾನದವನಾದ ನನಗೆ ಸ್ವಾರಸ್ಯವೆನಿಸಿದ ಸಂಗತಿಯೆಂದರೆ, ಅವರ ಪುಟ್ಟ ವರದಿ ಪ್ರಕಟವಾದದ್ದು ಅತಿಶೀತ ತಾಪಗಳ ಭೌತವಿಜ್ಞಾನಕ್ಕೆ ಮೀಸಲಾದ ಭಾರತೀಯ ಪತ್ರಿಕೆಯಲ್ಲಿ. ಘನೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ್ದನ್ನು ಹೊರಜಗತ್ತು ಕಂಡದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ.

ನಮ್ಮವರು ನಂಬಲಿಲ್ಲ. 1978ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಒಬ್ಬ ರೇಡಿಯೋ ಭೌತವಿಜ್ಞಾನಿ. ಈ ವಾಕ್ಯ ಬರೆಯುವಾಗ ನನಗೆ ಸಂಕೋಚವಾಗುತ್ತದೆ. ತನ್ನದಲ್ಲದ ವಿಷಯದಲ್ಲಿ ತೀರ್ಪು ಹೇಳುವ ಚಪಲದಿಂದ ನಮ್ಮ ವೃತ್ತಿಯವರೂ ಹೊರತಲ್ಲ. ಸಮಿತಿ ಮುಖರ್ಜಿಯವರ ಮಾತನ್ನು ಒಪ್ಪಲಿಲ್ಲ. ಜಪಾನಿನಲ್ಲಿ ತಮ್ಮ ಕೆಲಸ ಮಂಡಿಸಲು ಬಂದ ಆಹ್ವಾನಕ್ಕೆ ಸರ್ಕಾರ ಅನುಮತಿ ಕೊಡಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸಾ ಸಂಸ್ಥೆಯೊಂದಕ್ಕೆ ವರ್ಗಾಯಿಸಲಾಯಿತು. ಆ ವರ್ಷದ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಹರ್ಷ ಹುಟ್ಟಿದಾಗ ಆ ಮಗುವನ್ನೇ ಭಾರತದ ಮೊದಲ ಪ್ರನಾಳ ಶಿಶು ಎಂದು ಪರಿಗಣಿಸಲಾಯಿತು. ಅದು ಡಾ. ಇಂದಿರಾ ಹಿಂದೂಜಾ ಮತ್ತು ಡಾ. ಟಿ. ಸಿ. ಆನಂದ ಕುಮಾರ್ ಅವರ ಸಾಧನೆ. ನಂತರ ಬೆಂಗಳೂರಿನಲ್ಲಿ ನೆಲೆಸಿದ ಆನಂದ ಕುಮಾರ್ 1997ರಲ್ಲಿ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಓದುವ ಅವಕಾಶ ಪಡೆದರು. ಓದಿ, ಮೊದಲಿಗರು ಮುಖರ್ಜಿಯವರೇ ಎಂದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತಮಗೆ ಸಂದ ಕೀರ್ತಿಯನ್ನು ಸಾಕ್ಷ್ಯಾಧಾರದ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. 2003ರಲ್ಲಿ ದುರ್ಗಾ ತಾವಾಗಿಯೇ ಸಾರ್ವಜನಿಕರ ಮುಂದೆ ಬಂದರು. ಆಗ ಅವರು 25 ವರ್ಷದ ಆರೋಗ್ಯವಂತ ಯುವತಿ. ಟಿಪ್ಪಣಿ ಪುಸ್ತಕವನ್ನು ಯಾರಾದರೂ ಮೊದಲೇ ತೆರೆದು ಓದಿದ್ದರೆ ಎಂದು ಅನಿಸದಿರದು.

ನೂರು ಮಕ್ಕಳು ಸಾಲದು

ಈಗ ನಮ್ಮ ಪ್ರಶ್ನೆಗೆ ಬರೋಣ. ಮಕ್ಕಳು ಆರೋಗ್ಯವಾಗಿದ್ದಾರೆಯೇ ಎಂದು ತಿಳಿಯಲು ಎಷ್ಟು ಮಕ್ಕಳನ್ನು ನೋಡಬೇಕು?

ಯಾವ ಚಿಕಿತ್ಸೆಯೂ ಇಲ್ಲದೆ ಹುಟ್ಟುವ ಮಕ್ಕಳಲ್ಲೂ ನೂರಕ್ಕೆ ಸುಮಾರು ಮೂವರಲ್ಲಿ ಏನಾದರೊಂದು ಗಂಭೀರ ಹುಟ್ಟು ನ್ಯೂನತೆ ಇರುತ್ತದೆ ಎಂದು ಇಟ್ಟುಕೊಳ್ಳಿ. ಹೊಸ ತಂತ್ರ ಇದನ್ನು ನೂರಕ್ಕೆ ನಾಲ್ಕಕ್ಕೆ ಏರಿಸುತ್ತದೆಯೇ ಎಂಬುದು ಪ್ರಶ್ನೆ. ವಿಕಿರಣ ಎಣಿಸುವ ಗೈಗರ್ ಕೌಂಟರ್ ಬಳಸಿದವರಿಗೆ ಗೊತ್ತು: ಯಾದೃಚ್ಛಿಕ ಘಟನೆಗಳನ್ನು ಎಣಿಸಿದಾಗ ಬರುವ ಏರಿಳಿತ ಆ ಎಣಿಕೆಯ ವರ್ಗಮೂಲದಷ್ಟು. ನೂರು ಮಕ್ಕಳಲ್ಲಿ ನಿರೀಕ್ಷೆ 3, ಏರಿಳಿತ ಸುಮಾರು 1.7. ಆದ್ದರಿಂದ 3 ಬಂದರೂ 4 ಬಂದರೂ ಏನೂ ಹೇಳಲಾಗದು. ಸಾವಿರ ಮಕ್ಕಳಲ್ಲಿ 30 ಬರಬೇಕಾದಲ್ಲಿ 40 ಬಂದರೆ? ಏರಿಳಿತ ಐದಾರು. ಅನುಮಾನ ಹುಟ್ಟುತ್ತದೆ, ನಿಶ್ಚಯವಾಗದು. ಹತ್ತು ಸಾವಿರ ಮಕ್ಕಳಲ್ಲಿ ನಿರೀಕ್ಷೆ 300, ಏರಿಳಿತ 17. ಆಗ 400 ಬಂದರೆ ಅದು ಆಕಸ್ಮಿಕವಲ್ಲ ಎಂದು ಧೈರ್ಯವಾಗಿ ಹೇಳಬಹುದು.

1980ರ ದಶಕದಲ್ಲಿ ಒಂದೊಂದು ಆಸ್ಪತ್ರೆಯ ಬಳಿ ಇದ್ದದ್ದು ಕೆಲವು ನೂರು ಮಕ್ಕಳ ದಾಖಲೆ. ಹಾಗಾಗಿ 'ಎಲ್ಲ ಸರಿಯಿದೆ' ಎಂಬ ಆ ಕಾಲದ ಭರವಸೆಗೂ 'ಅಪಾಯವಿದೆ' ಎಂಬ ಆತಂಕಕ್ಕೂ ಅಂಕಿಅಂಶಗಳ ಬಲ ಸಾಲದಾಗಿತ್ತು. ಹಲವು ಕೇಂದ್ರಗಳ ದಾಖಲೆಗಳನ್ನು ಒಂದೆಡೆ ಸೇರಿಸಿದಾಗ ಮಾತ್ರ ದಾರಿ ತೆರೆಯಿತು. ಆಸ್ಟ್ರೇಲಿಯಾ ಈ ಕೆಲಸವನ್ನು ಬೇಗ ಆರಂಭಿಸಿತು. ಕೆಲವು ನ್ಯೂನತೆಗಳು, ಮುಖ್ಯವಾಗಿ ಬೆನ್ನುಹುರಿಯ ಮತ್ತು ಹೃದಯದ ಮಹಾನಾಳಗಳ ದೋಷಗಳು, ನಿರೀಕ್ಷೆಗಿಂತ ಹೆಚ್ಚಾಗಿ ಕಾಣುತ್ತಿವೆ ಎಂದು 1987ರಲ್ಲೇ ಅಲ್ಲಿನ ಪಾಲ್ ಲ್ಯಾಂಕಾಸ್ಟರ್ ಎಚ್ಚರಿಸಿದರು.

ಬ್ರಸೆಲ್ಸ್‌ನ ಸೂಜಿ

ಅಷ್ಟರಲ್ಲಿ ಇನ್ನೊಂದು ಹೊಸ ತಂತ್ರ ಬಂತು. 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸಿ ಗರ್ಭಧಾರಣೆ ಸಾಧಿಸಿದ್ದನ್ನು ವರದಿ ಮಾಡಿದರು. 'ಇಕ್ಸಿ' ಎಂದು ಕರೆಯುವ ಈ ವಿಧಾನ, ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆಯಿರುವ ಗಂಡಸರಿಗೆ ವರವಾಯಿತು.

ಆನುವಂಶಿಕ ದೃಷ್ಟಿಯಿಂದ ಇದು ಹೆಚ್ಚು ಯೋಚಿಸಬೇಕಾದ ಹೆಜ್ಜೆ. ಸಹಜ ನಿಷೇಚನದಲ್ಲಿ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಕೆಲವೇ ಕೆಲವು ಅಂಡಾಣುವನ್ನು ತಲುಪುತ್ತವೆ. ಇಲ್ಲಿ ಆ ಜರಡಿಯೇ ಇಲ್ಲ. ಇನ್ನೂ ಮುಖ್ಯವಾದದ್ದು, ವೀರ್ಯಾಣುಗಳ ಕೊರತೆಗೆ ಕೆಲವರಲ್ಲಿ ಕಾರಣ ವೈ ವರ್ಣತಂತುವಿನ ಒಂದು ಸಣ್ಣ ತುಣುಕು ಕಳೆದುಹೋಗಿರುವುದು. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಬರುತ್ತದೆ. ಅಂದಮೇಲೆ ಸೂಜಿಯ ನೆರವಿನಿಂದ ಹುಟ್ಟಿದ ಮಗನಿಗೆ ಅದೇ ಕೊರತೆ ಬಳುವಳಿಯಾಗಿ ಬರುವುದು ಖಚಿತ. ಹಾಗೆಯೇ ವೀರ್ಯವಾಹಕ ನಾಳಗಳು ಹುಟ್ಟಿನಿಂದಲೇ ಇಲ್ಲದ ಹಲವರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಜೀನ್‌ನ ದೋಷ ಇರುತ್ತದೆ. ಪತ್ನಿಯಲ್ಲೂ ಅದೇ ಜೀನ್‌ನ ದೋಷವಿದ್ದರೆ ಮಗುವಿಗೆ ಆ ರೋಗವೇ ಬರಬಹುದು. ಆದ್ದರಿಂದ ಇಂಥ ಸಂದರ್ಭಗಳಲ್ಲಿ ಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ.

ಬ್ರಸೆಲ್ಸ್‌ನ ತಂಡದ ಒಂದು ಗುಣವನ್ನು ಮೆಚ್ಚಬೇಕು. ಹುಟ್ಟಿದ ಮಕ್ಕಳನ್ನು ಅವರು ಕೈಬಿಡದೆ ಹಿಂಬಾಲಿಸಿದರು. 2002ರಲ್ಲಿ ಮರೀಸ್ ಬಾಂಡುವೆಲ್ ಮತ್ತು ಸಂಗಡಿಗರು 1586 ಇಕ್ಸಿ ಭ್ರೂಣಗಳ ವರ್ಣತಂತು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ತಂದೆತಾಯಿಯರಲ್ಲಿ ಇಲ್ಲದೆ ಹೊಸದಾಗಿ ಮೂಡಿದ ವರ್ಣತಂತು ದೋಷಗಳು ನೂರಕ್ಕೆ 1.6 ಇದ್ದವು. ಸಾಮಾನ್ಯ ನವಜಾತರಲ್ಲಿ ಈ ಪ್ರಮಾಣ ಸುಮಾರು 0.5.

'ಎರಡು ಪಟ್ಟು' ಬಂದದ್ದು ಎಲ್ಲಿಂದ?

ನನ್ನ ವಿದ್ಯಾರ್ಥಿ ಓದಿದ್ದ 'ಎರಡು ಪಟ್ಟು' ಎಂಬ ಮಾತಿನ ಒಂದು ಮುಖ್ಯ ಮೂಲ 2002ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನ. ಮಿಶೆಲ್ ಹ್ಯಾನ್ಸನ್ ಮತ್ತು ಸಂಗಡಿಗರು ಮೂರು ಗುಂಪುಗಳ ಮಕ್ಕಳಲ್ಲಿ ಒಂದು ವರ್ಷದೊಳಗೆ ಪತ್ತೆಯಾದ ದೊಡ್ಡ ನ್ಯೂನತೆಗಳನ್ನು ಎಣಿಸಿದರು. ಸಹಜವಾಗಿ ಹುಟ್ಟಿದ 4000 ಮಕ್ಕಳಲ್ಲಿ 168, ಅಂದರೆ ನೂರಕ್ಕೆ 4.2. ಐವಿಎಫ್‌ನ 837 ಮಕ್ಕಳಲ್ಲಿ 75, ನೂರಕ್ಕೆ 9. ಇಕ್ಸಿಯ 301 ಮಕ್ಕಳಲ್ಲಿ 26, ನೂರಕ್ಕೆ 8.6.

ಎರಡು ಪಟ್ಟು ನಿಜ. ಆದರೆ ಅದೇ ಅಂಕಿಗಳನ್ನು ಮಗುಚಿ ಓದಿ: ನೂರರಲ್ಲಿ 91 ಮಕ್ಕಳಲ್ಲಿ ದೊಡ್ಡ ನ್ಯೂನತೆ ಇರಲಿಲ್ಲ. ಎರಡೂ ಓದುಗಳು ಒಂದೇ ದತ್ತಾಂಶದವು. ಮೊದಲನೆಯದು ಸಂಶೋಧಕರನ್ನು ಎಚ್ಚರಿಸಬೇಕು. ಎರಡನೆಯದು ತಂದೆತಾಯಿಯರಿಗೆ ತಿಳಿದಿರಬೇಕು. ಒಂದನ್ನು ಮರೆಮಾಚಿ ಇನ್ನೊಂದನ್ನು ಹೇಳುವುದು ಎರಡು ಕಡೆಯಿಂದಲೂ ತಪ್ಪು.

ಮುಂದಿನ ಪ್ರಶ್ನೆ ಹೆಚ್ಚು ಕಠಿಣ. ಈ ಹೆಚ್ಚಳಕ್ಕೆ ತಟ್ಟೆ, ಸೂಜಿ, ಔಷಧ ಕಾರಣವೋ? ಇಲ್ಲವೇ ಚಿಕಿತ್ಸೆಗೆ ಬರುವ ದಂಪತಿಗಳೇ ಬೇರೆ ತೆರನಾಗಿದ್ದಾರೋ?

ತಂತ್ರವೋ, ತಂದೆತಾಯಿಯೋ?

ಚಿಕಿತ್ಸೆಗೆ ಬರುವವರ ವಯಸ್ಸು ಸಾಮಾನ್ಯವಾಗಿ ಹೆಚ್ಚು. ತಾಯಿಯ ವಯಸ್ಸು ಏರಿದಂತೆ ಡೌನ್ ಸಿಂಡ್ರೋಮ್‌ನಂಥ ವರ್ಣತಂತು ದೋಷಗಳ ಸಂಭವ ಏರುತ್ತದೆ. 25ರ ವಯಸ್ಸಿನಲ್ಲಿ ಸಾವಿರದ ಇನ್ನೂರರಲ್ಲಿ ಒಂದರ ಆಸುಪಾಸು ಇರುವುದು 40ರಲ್ಲಿ ನೂರರಲ್ಲಿ ಒಂದರ ಹತ್ತಿರ ಬರುತ್ತದೆ. ತಂದೆಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ತಂದೆಗೆ ಒಂದೊಂದು ವರ್ಷ ಹೆಚ್ಚಾದಂತೆ ಮಗುವಿಗೆ ಸುಮಾರು ಎರಡು ಹೊಸ ಉತ್ಪರಿವರ್ತನೆಗಳು ಹೆಚ್ಚಾಗಿ ಬರುತ್ತವೆ ಎಂದು 2012ರಲ್ಲಿ ಐಸ್‌ಲೆಂಡ್‌ನ ಅಧ್ಯಯನ ತೋರಿಸಿತು. ಇವುಗಳಲ್ಲಿ ಬಹುಪಾಲು ನಿರುಪದ್ರವಿ. ಈ ಯಾವುದಕ್ಕೂ ಗಾಜಿನ ತಟ್ಟೆ ಹೊಣೆಯಲ್ಲ.

ತಂತ್ರದ ಪರಿಣಾಮವನ್ನು ತಂದೆತಾಯಿಯರ ಪರಿಣಾಮದಿಂದ ಬಿಡಿಸಲು ನಾರ್ವೆಯವರು ಜಾಣ ಉಪಾಯ ಹುಡುಕಿದರು. ಒಬ್ಬಳೇ ತಾಯಿಗೆ ಒಂದು ಮಗು ಸಹಜವಾಗಿ, ಇನ್ನೊಂದು ಚಿಕಿತ್ಸೆಯಿಂದ ಹುಟ್ಟಿದ್ದರೆ ಆ ಒಡಹುಟ್ಟಿದವರನ್ನೇ ಹೋಲಿಸಬಹುದಲ್ಲ? ಅಂಥ 2546 ತಾಯಂದಿರು ಸಿಕ್ಕರು. 2008ರಲ್ಲಿ ಫಲಿತಾಂಶ ಬಂತು. ಇಡೀ ಜನಸಮುದಾಯದಲ್ಲಿ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳ ತೂಕ ಸರಾಸರಿ 25 ಗ್ರಾಂ ಕಡಿಮೆ, ಗರ್ಭದ ಅವಧಿ 2 ದಿನ ಕಡಿಮೆ. ಒಡಹುಟ್ಟಿದವರ ನಡುವೆ ಆ ವ್ಯತ್ಯಾಸ 9 ಗ್ರಾಂಗೆ, 0.6 ದಿನಕ್ಕೆ ಇಳಿಯಿತು. ವ್ಯತ್ಯಾಸದ ಬಹುಪಾಲು ತಂತ್ರದಿಂದಲ್ಲ, ಬಂಜೆತನಕ್ಕೆ ಕಾರಣವಾದ ಅಂಶಗಳಿಂದಲೇ ಬಂದಿರಬಹುದು ಎಂದಾಯಿತು.

2012ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೈಕೆಲ್ ಡೇವಿಸ್ ಮತ್ತು ಸಂಗಡಿಗರು ಮೂರು ಲಕ್ಷಕ್ಕೂ ಹೆಚ್ಚು ಜನನಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 6163 ಚಿಕಿತ್ಸೆಯಿಂದ ಆದವು. ಯಾವುದೇ ಬಗೆಯ ಹುಟ್ಟು ನ್ಯೂನತೆ ಇವರಲ್ಲಿ ನೂರಕ್ಕೆ 8.3, ಉಳಿದವರಲ್ಲಿ 5.8. ತಾಯಿಯ ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಐವಿಎಫ್‌ನ ಹೆಚ್ಚಳ ಅಂಕಿಅಂಶಗಳ ದೃಷ್ಟಿಯಿಂದ ಗಣನೀಯವಾಗಿ ಉಳಿಯಲಿಲ್ಲ. ಇಕ್ಸಿಯಲ್ಲಿ ಉಳಿಯಿತು. ಬಂಜೆತನದ ಹಿನ್ನೆಲೆಯಿದ್ದು ಕೊನೆಗೆ ಚಿಕಿತ್ಸೆಯಿಲ್ಲದೆ ಗರ್ಭ ಧರಿಸಿದವರ ಮಕ್ಕಳಲ್ಲೂ ನ್ಯೂನತೆಗಳು ಸ್ವಲ್ಪ ಹೆಚ್ಚೇ ಇದ್ದವು. ನಾರ್ವೆಯ ಸುಳಿವಿಗೆ ಇದು ಇನ್ನೊಂದು ಸಾಕ್ಷಿ.

ಅವಳಿಗಳೆಂಬ ದೊಡ್ಡ ಅಪಾಯ

ಜೀನ್‌ಗಳ ಚರ್ಚೆಯ ನಡುವೆ ಕಣ್ಣೆದುರಿನ ಅಪಾಯವೊಂದು ಮರೆತುಹೋಗುತ್ತಿತ್ತು. ಗರ್ಭ ನಿಲ್ಲಲಿ ಎಂದು ಎರಡು, ಮೂರು ಭ್ರೂಣಗಳನ್ನು ಒಟ್ಟಿಗೆ ಸೇರಿಸುವುದು ರೂಢಿಯಾಗಿತ್ತು. ಇದರಿಂದ ಅವಳಿ, ತ್ರಿವಳಿಗಳು ಹೆಚ್ಚಿದವು. ಅಂಥ ಮಕ್ಕಳು ಅವಧಿಗೆ ಮುನ್ನವೇ, ಕಡಿಮೆ ತೂಕದಲ್ಲಿ ಹುಟ್ಟುವುದು ಹೆಚ್ಚು. ಅದರ ಪರಿಣಾಮ ಮಿದುಳು, ಶ್ವಾಸಕೋಶ, ಕಣ್ಣುಗಳ ಮೇಲೆ ಆಗಬಹುದು.

2003ರಲ್ಲಿ ಸ್ವೀಡನ್, ಸಾಮಾನ್ಯವಾಗಿ ಒಂದೇ ಭ್ರೂಣ ಸೇರಿಸಬೇಕು ಎಂಬ ನಿಯಮ ತಂದಿತು. 2004ರಲ್ಲಿ ಆನ್ ಥುರಿನ್ ಮತ್ತು ಸಂಗಡಿಗರ ಪ್ರಯೋಗ ಇದನ್ನು ಸಮರ್ಥಿಸಿತು. ಒಂದು ಗುಂಪಿಗೆ ಎರಡು ಭ್ರೂಣ ಒಟ್ಟಿಗೆ. ಇನ್ನೊಂದು ಗುಂಪಿಗೆ ಮೊದಲು ಒಂದು, ಅದು ಫಲಿಸದಿದ್ದರೆ ಘನೀಕರಿಸಿಟ್ಟ ಇನ್ನೊಂದು. ಮಗು ಪಡೆದವರು ಕ್ರಮವಾಗಿ ನೂರಕ್ಕೆ 42.9 ಮತ್ತು 38.8. ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಹೆರಿಗೆಗಳಲ್ಲಿ ಅವಳಿಗಳ ಪ್ರಮಾಣ ನೂರಕ್ಕೆ 33.1ರಿಂದ 0.8ಕ್ಕೆ ಇಳಿಯಿತು! ಈ ಕ್ರಮ ಸಾಧ್ಯವಾದದ್ದು ಭ್ರೂಣವನ್ನು ಘನೀಕರಿಸಿ ಕಾಪಾಡುವ ವಿದ್ಯೆಯಿಂದ. ಕಲ್ಕತ್ತೆಯಲ್ಲಿ 1978ರಲ್ಲಿ ಯಾರೂ ನಂಬದಿದ್ದ ವಿದ್ಯೆ ಅದೇ.

ಅಕ್ಷರ ಅದೇ, ಗುರುತು ಬೇರೆ

ಡಿಎನ್‌ಎಯ ಅಕ್ಷರಗಳು ಸರಿಯಿದ್ದರೂ ಇನ್ನೊಂದು ಬಗೆಯ ತಪ್ಪು ಸಾಧ್ಯ. ಪಠ್ಯಪುಸ್ತಕದಲ್ಲಿ ವಿದ್ಯಾರ್ಥಿ ಕೆಲವು ಸಾಲುಗಳ ಪಕ್ಕದಲ್ಲಿ 'ಓದಬೇಕಾಗಿಲ್ಲ' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುವಂತೆ, ಕೋಶವೂ ಕೆಲವು ಜೀನ್‌ಗಳ ಮೇಲೆ ಮೀಥೈಲ್ ಗುಂಪುಗಳ ಗುರುತು ಹಾಕುತ್ತದೆ. ಕೆಲವು ಜೀನ್‌ಗಳಲ್ಲಿ ತಾಯಿಯಿಂದ ಬಂದ ಪ್ರತಿ ಮಾತ್ರ, ಇನ್ನು ಕೆಲವದರಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವಂತೆ ಈ ಗುರುತುಗಳು ನೋಡಿಕೊಳ್ಳುತ್ತವೆ. ಇದಕ್ಕೆ ಜೀನ್ ಮುದ್ರೆ ಎನ್ನಬಹುದು. ಅಂಡಾಣು ಬಲಿಯುವಾಗ ಮುದ್ರೆಗಳು ಮೂಡುತ್ತವೆ. ಭ್ರೂಣದ ಮೊದಲ ದಿನಗಳಲ್ಲಿ ಬಹುತೇಕ ಗುರುತುಗಳು ಅಳಿಸಿಹೋಗುವಾಗಲೂ ಈ ಮುದ್ರೆಗಳು ಅಳಿಯದೆ ಉಳಿಯಬೇಕು. ಐವಿಎಫ್‌ನಲ್ಲಿ ಭ್ರೂಣ ತಟ್ಟೆಯಲ್ಲಿರುವುದು ಆ ದಿನಗಳಲ್ಲೇ.

ಪ್ರಯೋಗಾಲಯದಲ್ಲಿ ಬೆಳೆಸಿದ ಕುರಿಯ ಭ್ರೂಣಗಳು ಅತಿಯಾಗಿ ದೊಡ್ಡದಾಗುವುದಕ್ಕೂ ಇಂಥ ಮುದ್ರೆಯೊಂದು ಅಳಿಸುವುದಕ್ಕೂ ಸಂಬಂಧವಿದೆ ಎಂದು 2001ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಇದಕ್ಕೆ ಹೋಲಿಕೆಯುಳ್ಳದ್ದು ಬೆಕ್‌ವಿತ್-ವೀಡೆಮಾನ್ ಸಿಂಡ್ರೋಮ್. ಮಗು ದೊಡ್ಡದಾಗಿ ಹುಟ್ಟುತ್ತದೆ, ನಾಲಿಗೆ ದೊಡ್ಡದಿರುತ್ತದೆ, ಬಾಲ್ಯದಲ್ಲಿ ಕೆಲವು ಗೆಡ್ಡೆಗಳ ಸಂಭವ ಹೆಚ್ಚು. ಇದು ಹದಿನಾಲ್ಕು ಸಾವಿರಕ್ಕೆ ಒಂದರಷ್ಟು ಅಪರೂಪ. ಹತ್ತು ಸಾವಿರ ಮಕ್ಕಳನ್ನು ಎಣಿಸಿದರೂ ಒಂದು ಸಿಗುವ ಖಾತರಿಯಿಲ್ಲ.

ಹಾಗಾಗಿ ಸಂಶೋಧಕರು ದಾರಿಯನ್ನೇ ತಿರುಗಿಸಿದರು. ಐವಿಎಫ್ ಮಕ್ಕಳಲ್ಲಿ ರೋಗವನ್ನು ಹುಡುಕುವ ಬದಲು ರೋಗವಿರುವ ಮಕ್ಕಳಲ್ಲಿ ಐವಿಎಫ್ ಎಷ್ಟು ಎಂದು ನೋಡಿದರು. 2003ರಲ್ಲಿ ಅಮೆರಿಕದ ಮೈಕೆಲ್ ಡಿಬಾನ್ ಮತ್ತು ಸಂಗಡಿಗರ ದಾಖಲೆಯಲ್ಲಿ 65 ರೋಗಿಗಳ ಪೈಕಿ 3 ಮಂದಿ, ಅಂದರೆ ನೂರಕ್ಕೆ 4.6, ಇಂಥ ಚಿಕಿತ್ಸೆಯಿಂದ ಹುಟ್ಟಿದವರು. ಆಗ ಆ ದೇಶದ ಒಟ್ಟು ಜನನಗಳಲ್ಲಿ ಅವರ ಪಾಲು ನೂರಕ್ಕೆ 0.8. ಸಂಬಂಧ ಸ್ಪಷ್ಟವಾಗಿತ್ತು. ಆದರೆ ಇಲ್ಲಿಯೂ ಕೇಳಿ: ಎಷ್ಟರಲ್ಲಿ ಎಷ್ಟು? 2004ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಅಂದಾಜಿನ ಪ್ರಕಾರ ಐವಿಎಫ್ ಮಕ್ಕಳಲ್ಲಿ ಇದು ಸುಮಾರು 4000ಕ್ಕೆ ಒಂದು. ಹಲವು ಪಟ್ಟು ಹೆಚ್ಚಿದರೂ ಅಪರೂಪವಾಗಿಯೇ ಉಳಿಯಿತು.

ಭ್ರೂಣದ ಪರೀಕ್ಷೆ ಮತ್ತು ನಮ್ಮ ಕಾನೂನು

ಈ ತಂತ್ರ ಆನುವಂಶಿಕ ರೋಗವನ್ನು ತಡೆಯಲೂ ನೆರವಾಯಿತು. 1968ರಲ್ಲೇ ಎಡ್ವರ್ಡ್ಸ್ ಮತ್ತು ರಿಚರ್ಡ್ ಗಾರ್ಡ್‌ನರ್ ಮೊಲದ ಭ್ರೂಣದಿಂದ ಕೆಲವು ಕೋಶಗಳನ್ನು ತೆಗೆದು ಅದರ ಲಿಂಗ ಗುರುತಿಸಿದ್ದರು. 1990ರಲ್ಲಿ ಲಂಡನ್ನಿನಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು, ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಗಂಭೀರ ರೋಗ ಹರಿದುಬರುತ್ತಿದ್ದ ಕುಟುಂಬಗಳಿಗಾಗಿ ಹೆಣ್ಣು ಭ್ರೂಣಗಳನ್ನು ಆರಿಸಿದರು.

ಅಲ್ಲಿ ರೋಗ ತಪ್ಪಿಸಲು ಬಳಸಿದ ಜ್ಞಾನ ಇಲ್ಲಿ ಹೆಣ್ಣನ್ನು ತಪ್ಪಿಸಲು ಬಳಕೆಯಾಗುವ ಅಪಾಯವಿತ್ತು. ನಮ್ಮಲ್ಲಿ 1994ರ ಕಾನೂನು ಮತ್ತು ಅದರ 2003ರ ತಿದ್ದುಪಡಿ ಲಿಂಗ ಆಯ್ಕೆಯನ್ನು ನಿಷೇಧಿಸಿವೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆ, ಗೊತ್ತಿರುವ ಆನುವಂಶಿಕ ರೋಗಗಳ ಪತ್ತೆಗಷ್ಟೇ ಭ್ರೂಣದ ಪರೀಕ್ಷೆಗೆ ಅವಕಾಶ ಕೊಡುತ್ತದೆ. ದಂಪತಿಗೆ ಪರಿಣಾಮಗಳನ್ನು ವಿವರಿಸಿ ಸಲಹೆ ನೀಡುವುದು ಚಿಕಿತ್ಸಾಲಯದ ಕರ್ತವ್ಯ ಎನ್ನುತ್ತದೆ. ರಾಷ್ಟ್ರೀಯ ನೋಂದಣಿ ವ್ಯವಸ್ಥೆಯನ್ನೂ ವಿಧಿಸಿದೆ. ಆದರೆ ನಾರ್ವೆ, ಸ್ವೀಡನ್‌ಗಳ ಉತ್ತರಗಳು ಬಂದದ್ದು ಚಿಕಿತ್ಸಾಲಯಗಳ ಪಟ್ಟಿಯಿಂದಲ್ಲ, ಮಕ್ಕಳ ಆರೋಗ್ಯವನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ದಾಖಲೆಗಳಿಂದ. ನಮ್ಮ ನೋಂದಣಿಯೂ ಅಷ್ಟು ದೂರ ಬೆಳೆಯಬೇಕು.

ಮೊದಲ ಪೀಳಿಗೆ ಬೆಳೆದು ನಿಂತಾಗ

2018ರ ಹೊತ್ತಿಗೆ ಇಂಥ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ 80 ಲಕ್ಷ ದಾಟಿತ್ತು. 2010ರಲ್ಲಿ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪರ್ಡಿ 1985ರಲ್ಲೂ ಸ್ಟೆಪ್ಟೋ 1988ರಲ್ಲೂ ತೀರಿಕೊಂಡಿದ್ದರು. ಐವಿಎಫ್‌ನಿಂದಲೇ ಹುಟ್ಟಿದ ಲೂಯಿಸ್‌ಳ ತಂಗಿ ನ್ಯಾಟಲಿ 1999ರಲ್ಲಿ, ಲೂಯಿಸ್ 2006ರಲ್ಲಿ ಸಹಜವಾಗಿಯೇ ತಾಯಂದಿರಾದರು. ಈ ಹೆಣ್ಣುಮಕ್ಕಳಿಗೆ ಮಕ್ಕಳಾಗುವುದೇ ಇಲ್ಲವೇನೋ ಎಂಬ ಅಳುಕು ಅಲ್ಲಿಗೆ ಮುಗಿಯಿತು.

ಇನ್ನೊಂದು ನಿರೀಕ್ಷೆಯೂ ನಿಜವಾಯಿತು. 2016ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು ಇಕ್ಸಿಯಿಂದ ಹುಟ್ಟಿ 18ರಿಂದ 22 ವಯಸ್ಸಿಗೆ ಬಂದಿದ್ದ 54 ಯುವಕರನ್ನು ಪರೀಕ್ಷಿಸಿದರು. ಅವರ ವೀರ್ಯಾಣು ಸಾಂದ್ರತೆ ಸಹಜವಾಗಿ ಹುಟ್ಟಿದ ಓರಗೆಯವರದರ ಅರ್ಧದಷ್ಟಿತ್ತು: ಮಿಲಿಲೀಟರಿಗೆ 1.77 ಕೋಟಿ ಮತ್ತು 3.7 ಕೋಟಿ. 54 ಸಣ್ಣ ಸಂಖ್ಯೆ ಎಂಬುದನ್ನು ನೀವೀಗ ತಾವಾಗಿಯೇ ಗುರುತಿಸುತ್ತೀರಿ. ಆದರೂ ತಂದೆಯ ಕೊರತೆ ಮಗನಿಗೆ ಬರಬಹುದೆಂಬ ಊಹೆಗೆ ಇದು ಪುಷ್ಟಿ ಕೊಡುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಬರೆದ ಉತ್ತರದ ಸಾರ ಇಷ್ಟು. ಬಹುಪಾಲು ಮಕ್ಕಳು ಆರೋಗ್ಯವಂತರು. ಸ್ವಲ್ಪ ಹೆಚ್ಚಿನ ಅಪಾಯವಿರುವುದು ನಿಜ. ಅದರ ದೊಡ್ಡ ಪಾಲು ವಯಸ್ಸು, ಬಂಜೆತನದ ಮೂಲ ಕಾರಣ ಮತ್ತು ಅವಳಿ ಗರ್ಭಗಳಿಂದ ಬರುವಂಥದ್ದು. ಒಂದು ಸಣ್ಣ ಪಾಲು ತಂತ್ರದ್ದೇ ಇರಬಹುದು. ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ನಮ್ಮ ತೊಂದರೆಗೆ ಆನುವಂಶಿಕ ಕಾರಣವಿದೆಯೇ, ಅದಕ್ಕೆ ಪರೀಕ್ಷೆ ಬೇಕೇ? ನಮಗೆ ಇಕ್ಸಿ ನಿಜಕ್ಕೂ ಅಗತ್ಯವೇ? ಒಂದೇ ಭ್ರೂಣ ಸೇರಿಸಿದರೆ ಸಾಕೇ? ಅಮ್ಮನಿಗೂ ಇದನ್ನೇ ಬಿಡಿಸಿ ಹೇಳಿ. ಅವರು ಮುಂದೇನು ನಿರ್ಧರಿಸಿದರು ಎಂಬುದು ಅವರ ಮನೆಯ ಮಾತು, ಇಲ್ಲಿ ಬರೆಯುವಂಥದ್ದಲ್ಲ.

ಶಿಕ್ಷಕ ಮಿತ್ರರೇ, ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಿ. ಒಂದು ಡಬ್ಬಿಯಲ್ಲಿ 970 ಬಿಳಿ, 30 ಕೆಂಪು ಮಣಿ ಬೆರೆಸಿಡಿ. ಇನ್ನೊಂದರಲ್ಲಿ 960 ಬಿಳಿ, 40 ಕೆಂಪು. ಯಾವುದು ಯಾವುದೆಂದು ಹೇಳಬೇಡಿ. ಪ್ರತಿ ವಿದ್ಯಾರ್ಥಿಯೂ ಕಣ್ಣು ಮುಚ್ಚಿ ಎರಡರಿಂದಲೂ ನೂರು ನೂರು ಮಣಿ ತೆಗೆದು ಕೆಂಪು ಮಣಿಗಳನ್ನು ಎಣಿಸಿ, ಮತ್ತೆ ಹಾಕಿ ಚೆನ್ನಾಗಿ ಕಲಸಲಿ. ಹೆಚ್ಚು ಕೆಂಪು ಇರುವ ಡಬ್ಬಿ ಯಾವುದೆಂದು ಒಬ್ಬೊಬ್ಬರೂ ಬರೆದಿಡಲಿ. ಹಲವರ ಉತ್ತರ ತಪ್ಪಾಗುತ್ತದೆ. ಆಮೇಲೆ ಇಡೀ ತರಗತಿಯ ಎಣಿಕೆಗಳನ್ನು ಕರಿಹಲಗೆಯ ಮೇಲೆ ಕೂಡಿಸಿ. ಒಂದು ತರಗತಿ ಸಾಲದಿದ್ದರೆ ಪಕ್ಕದ ತರಗತಿಯನ್ನೂ ಸೇರಿಸಿಕೊಳ್ಳಿ. ಮೊತ್ತ ಬೆಳೆದಂತೆ ಎರಡು ಡಬ್ಬಿಗಳ ಅಂತರ ತಾನಾಗಿ ಕಾಣಿಸತೊಡಗುತ್ತದೆ.

ಚಟುವಟಿಕೆ ಮುಗಿದ ಮೇಲೆ ಒಂದು ಮಾತು ನೆನಪಿರಲಿ. ನಿಮ್ಮ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಯಾರೋ ಒಬ್ಬರು ಹೀಗೆ ಹುಟ್ಟಿದವರಿರಬಹುದು. ಯಾರೆಂದು ನೋಡಿ ಹೇಳಲು ನಿಮಗೆ ಸಾಧ್ಯವಾಗದು, ಹೇಳಬೇಕಾದ ಅಗತ್ಯವೂ ಇಲ್ಲ.